ಹಿಂದಿನ ಸೀಟಿನ ಪರೀಕ್ಷೆ

ಕಾರಿಗೆ ಕೊಟ್ಟದ್ದು ಮೂರು ಲಕ್ಷ ಎಂಬತ್ತೈದು ಸಾವಿರ. ನಾಲ್ಕು ಹೊಸ ಟೈರಿಗೆ ಹದಿನೆಂಟು ಸಾವಿರ; ಹೆಸರು ಬದಲಾವಣೆ, ಇನ್ಶೂರೆನ್ಸು ಎಲ್ಲ ಸೇರಿ ಇನ್ನೊಂದು ಹನ್ನೆರಡು. ಏಳು ವರ್ಷ ಹಳೆಯ, ದೊಡ್ಡ ಡಿಕ್ಕಿಯ, ಪೆಟ್ರೋಲಿನ ಬಿಳಿ ಕಾರು. ಅಂಥ ಗಾಡಿಗೆ ಆಗ ನಮ್ಮ ಕಡೆ ನಡೆಯುತ್ತಿದ್ದ ರೇಟು ನಾಲ್ಕು ಲಕ್ಷದ ಮೇಲೆ. ಹಾಗಾದರೆ ಭರ್ಜರಿ ಚೌಕಾಸಿ ಮಾಡಿರಬೇಕು ಎಂದುಕೊಳ್ಳುತ್ತೀರಿ. ಮಾಡಿದ್ದೆ, ನಿಜ. ಆದರೆ ಕೊನೆಗೆ ಹೆಚ್ಚು ಕೊಡುತ್ತೇನೆಂದು ನಾನೇ ಹಟ ಹಿಡಿದೆ, ಮಾರುವವರು ಬೇಡವೇ ಬೇಡ ಎಂದರು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಹಾಗಾದದ್ದು ಅದೊಂದೇ ಸಲ.

ಬನಶಂಕರಿ ಎರಡನೇ ಹಂತದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಬಾಡಿಗೆ ಮನೆಯ ವರಾಂಡದಲ್ಲಿ ಒಂದು ಮಿಷನ್ನಿನಿಂದ ಶುರು ಮಾಡಿದ್ದು. ಈಗ ಆರು ಮಿಷನ್ನು. ಸೂಜಿಯಿಂದ ಹಿಡಿದು ಅಂಗಡಿಯ ಅಡ್ವಾನ್ಸಿನವರೆಗೆ ಮೊದಲು ಹೇಳಿದ ರೇಟನ್ನು ನಾನು ಯಾವತ್ತೂ ಕೊಟ್ಟವಳಲ್ಲ. ಜಯನಗರ ಫೋರ್ತ್ ಬ್ಲಾಕಿನಲ್ಲಿ ನನ್ನನ್ನು ದೂರದಿಂದ ಕಂಡರೇ ನಿಟ್ಟುಸಿರು ಬಿಡುವ ಲೇಸಿನ ವ್ಯಾಪಾರಿ ಒಬ್ಬರಿದ್ದಾರೆ. ಚಿಕ್ಕಪೇಟೆಯಿಂದ ಲೈನಿಂಗ್ ಬಟ್ಟೆಯ ಗಂಟು ತರಲು ಮೂರು ವರ್ಷ ಒಂದು ಹಳೆಯ ವ್ಯಾನನ್ನೂ ಓಡಿಸಿದ್ದೆ. ಆದ್ದರಿಂದ ಡ್ರೈವಿಂಗ್ ನನಗೆ ಹೊಸದಲ್ಲ. ಹಾಗಂತ ನಾನು ತಿಳಿದುಕೊಂಡಿದ್ದೆ.

ಕಾರು ಬೇಕಾಗಿದ್ದು ನಮ್ಮ ಮನೆಯವರ ಬೆನ್ನಿಗೆ. ಅವರು ಕನಕಪುರ ದಾಟಿ ಸಾತನೂರಿನ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹದಿನಾರು ವರ್ಷದಿಂದ ಅದೇ ಶಾಲೆ. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಅಲ್ಲೇ ಒಂದು ರೂಮಿನಲ್ಲಿದ್ದು ಶನಿವಾರ ಮಧ್ಯಾಹ್ನ ವಾಪಸ್ಸು. ಆ ವರ್ಷ ಬೆನ್ನುಹುರಿಯ ಹತ್ತಿರ ಆಪರೇಷನ್ ಆಯಿತು. ನಿಲ್ಲಬಹುದು, ಪಾಠ ಮಾಡಬಹುದು, ಆದರೆ ಕುಲುಕಾಟ ಕೂಡದು, ಬಸ್ಸಂತೂ ಬೇಡವೇ ಬೇಡ ಎಂದರು ಡಾಕ್ಟರು. ಒಂದು ಸಲ ಟ್ಯಾಕ್ಸಿ ಮಾಡಿ ನೋಡಿದೆವು. ಆ ಪುಣ್ಯಾತ್ಮ ಹಂಪುಗಳನ್ನು ಹಾರಿಸಿಕೊಂಡು ಹೋದ ರಭಸಕ್ಕೆ ಇವರು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ರಜೆ ಮುಗಿಯುತ್ತಿತ್ತು. ಹೋಗಲಾಗದಿದ್ದರೆ ಸ್ವಯಂ ನಿವೃತ್ತಿ. ಅದರ ಅರ್ಜಿಯನ್ನು ಅವರು ನನಗೆ ಹೇಳದೆ ಬರೆದು, ಮಗಳ ಹಳೆಯ ನೋಟ್‌ಬುಕ್ಕಿನೊಳಗೆ ಇಟ್ಟಿದ್ದರು. ನಾನು ನೋಡಿದೆ ಎಂದು ನಾನೂ ಹೇಳಲಿಲ್ಲ. ಮಾರನೇ ದಿನ ಕಾರು ಹುಡುಕಲು ಹೊರಟೆ. ಸೋಮವಾರ ನಾನೇ ಬಿಟ್ಟು ಬರುವುದು, ಶನಿವಾರ ನಾನೇ ಕರೆತರುವುದು ಎಂದು ನಿರ್ಧಾರ ಮಾಡಿಬಿಟ್ಟಿದ್ದೆ.

ಎರಡು ವಾರ ಬಿಟಿಎಂ, ಜೆ.ಪಿ. ನಗರದ ಹಳೆ ಕಾರಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಎಲ್ಲ ಕಡೆ ಕಾರು ಮದುವೆ ಹೆಣ್ಣಿನಂತೆ ಹೊಳೆಯುತ್ತಿರುತ್ತದೆ. ಮೀಟರು ಮೂವತ್ತು ಸಾವಿರ ಕಿಲೋಮೀಟರು ತೋರಿಸುತ್ತದೆ, ಬ್ರೇಕ್ ಪೆಡಲಿನ ರಬ್ಬರು ನೋಡಿದರೆ ಒಂದು ಲಕ್ಷ ಓಡಿದ ಹಾಗೆ ಸವೆದಿರುತ್ತದೆ. ಒಂದು ಕಾರಿನ ಡಿಕ್ಕಿಯ ಕಾರ್ಪೆಟ್ ಎತ್ತಿ ಮೂಗಿಟ್ಟೆ; ಕೆಸರಿನ ವಾಸನೆ. ಯಾವುದೋ ಮಳೆಗಾಲದಲ್ಲಿ ಬೇಸ್‌ಮೆಂಟಿನಲ್ಲಿ ಮುಳುಗಿ ಎದ್ದ ಗಾಡಿ. "ಮೇಡಂ, ನೀವು ಮೊದ್ಲು ಗ್ಯಾರೇಜ್ ಇಟ್ಕೊಂಡಿದ್ರಾ?" ಎಂದು ಅಂಗಡಿಯವನು ಕೇಳಿದ. "ಇಲ್ಲಪ್ಪ, ಹೊಲಿಗೆ ಅಂಗಡಿ. ಬಟ್ಟೆ ತಿರುಗಿಸಿ ನೋಡದೆ ತಗೊಳ್ಳೋ ಅಭ್ಯಾಸ ಇಲ್ಲ" ಎಂದೆ.

ಕೊನೆಗೆ ಹೊಸಕೆರೆಹಳ್ಳಿಯ ಕಾರಿನ ಸುದ್ದಿ ಕೊಟ್ಟವರು ನನ್ನ ಗಿರಾಕಿಯೊಬ್ಬರು. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಡ್ರೈವರಾಗಿದ್ದು ನಿವೃತ್ತರಾದವರದು; ಒಂದೇ ಕೈಯಲ್ಲಿ ಓಡಿದ ಗಾಡಿ; "ಆದ್ರೆ ಆ ಯಜಮಾನ್ರು ಸ್ವಲ್ಪ ವಿಚಿತ್ರ" ಎಂದೂ ಸೇರಿಸಿದ್ದರು. ವಿಚಿತ್ರ ಜನರ ಹತ್ತಿರ ಚೌಕಾಸಿ ಸುಲಭ ಎಂದುಕೊಂಡೆ.

ಊರು ಸಿಟಿಯಾಗುವ ಮೊದಲಿನಿಂದ ಅಲ್ಲಿದ್ದ ಮನೆತನ. ಕೆಳಗೆ ಅವರು, ಮೇಲೆ ಎರಡು ಬಾಡಿಗೆ ಮನೆ. ಅರವತ್ತೈದು ದಾಟಿದ ಗಟ್ಟಿ ಆಳು, ಬಿಳಿ ಬನಿಯನ್ನು, ಪಟ್ಟಾಪಟ್ಟಿ ಲುಂಗಿ. ಬೆಳಿಗ್ಗೆ ಏಳಕ್ಕೇ ಹೋಗಿದ್ದೆ, ಇಂಜಿನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ನೋಡಬೇಕಲ್ಲ. ಕೀಲಿ ತಿರುಗಿಸಿದ ಒಂದೇ ಸಲಕ್ಕೆ ಎದ್ದಿತು. ನಾಲ್ಕು ಲಕ್ಷದ ಹದಿನೈದು ಸಾವಿರ ಎಂದರು. ನಾನು ನನ್ನ ಪಟ್ಟಿ ತೆಗೆದೆ.

"ಎಡಗಡೆ ಬಾಗಿಲಲ್ಲಿ ಗೀರಿದೆ, ಅಂಕಲ್."

"ಹೂಂ. ಬಲಗಡೆ ಕೆಳಗೂ ಒಂದಿದೆ, ನೀವು ನೋಡ್ಲಿಲ್ಲ."

"ಟೈರು ಸವೆದಿದೆ."

"ನಾಲ್ಕೂ ಹೋಗಿದೆ. ಹೈವೇಲಿ ಇವನ್ನ ನಂಬಬೇಡಿ. ಎಸಿ ಮಧ್ಯಾಹ್ನದ ಬಿಸಿಲಲ್ಲಿ ಸ್ವಲ್ಪ ಮೆತ್ತಗಾಗುತ್ತೆ. ಹೋದ ವರ್ಷ ಕ್ಲಚ್ ಬದಲಾಯಿಸಿದೀನಿ, ಬಿಲ್ಲಿದೆ."

ನಾನು ಬಚ್ಚಿಟ್ಟದ್ದನ್ನು ಹೊರಗೆಳೆಯುವುದರಲ್ಲಿ ಪಳಗಿದವಳು. ಎದುರಿನವರು ಬಚ್ಚಿಡದಿದ್ದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಆದರೂ ಅಭ್ಯಾಸಬಲ, ಟೈರಿಗಿಷ್ಟು, ಎಸಿಗಿಷ್ಟು, ಗೀರಿಗಿಷ್ಟು ಎಂದು ಕಳೆದು ಮೂರು ಎಂಬತ್ತೈದಕ್ಕೆ ತಂದು ನಿಲ್ಲಿಸಿದೆ. ಅವರು ತಲೆಯಾಡಿಸಿದರು.

"ರೇಟು ಆಯ್ತು ತಾಯಿ. ಈಗ ಓಡ್ಸಿ."

ನಾನು ಸ್ಟೀರಿಂಗಿನ ಮುಂದೆ ಕೂತೆ. ಪಕ್ಕದಲ್ಲಿ ಕೂರುತ್ತಾರೆಂದುಕೊಂಡರೆ ಅವರು ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ಸೀಟಿಗೊರಗಿ, ಬೆಲ್ಟು ಹಾಕಿಕೊಂಡು ಕಣ್ಣು ಮುಚ್ಚಿದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ನಿಮಗಿಂತ ಮುಂಚೆ ನಾಲ್ಕು ಜನ ಬಂದಿದ್ರಮ್ಮ. ನಾಲ್ಕೂ ಜನಾನ ಫೇಲ್ ಮಾಡಿ ಕಳ್ಸಿದ್ದಾರೆ. ಎಸ್ಸೆಲ್ಸೀಲೂ ಇಷ್ಟು ಜನ ಫೇಲ್ ಆಗಲ್ಲ."

"ಏನು ಪರೀಕ್ಷೆ ಅಂಕಲ್?"

"ಕನಕಪುರ ರೋಡಲ್ಲಿ ಕಗ್ಗಲೀಪುರದವರೆಗೆ ಹೋಗಿ ಬನ್ನಿ. ನನಗೆ ನಿದ್ದೆ ಬಂದ್ರೆ ಗಾಡಿ ನಿಮ್ದು."

ನಾನು ನನ್ನ ಜಾಣತನವನ್ನೆಲ್ಲ ತೋರಿಸಿದೆ. ಕೋಣನಕುಂಟೆಯ ಹತ್ತಿರ ಎರಡು ಬಸ್ಸುಗಳ ಮಧ್ಯೆ ನುಗ್ಗಿಸಿದೆ. ಮೆಟ್ರೋ ಕಂಬಗಳು ಮುಗಿದ ಮೇಲೆ ಖಾಲಿ ರಸ್ತೆ ಕಂಡಲ್ಲಿ ಒತ್ತಿದೆ, ಹಂಪು ಕಂಡಲ್ಲಿ ಸರಿಯಾಗಿ ಬ್ರೇಕು ಹಾಕಿದೆ. ಎಲ್ಲೂ ತಗುಲಿಸಲಿಲ್ಲ, ಎಲ್ಲೂ ಇಂಜಿನ್ ನಿಲ್ಲಿಸಲಿಲ್ಲ. ಮನೆ ಮುಂದೆ ತಂದು ನಿಲ್ಲಿಸಿ ಹೆಮ್ಮೆಯಿಂದ ತಿರುಗಿದರೆ ಯಜಮಾನರ ಕಣ್ಣು ಪೂರ್ತಿ ತೆರೆದಿತ್ತು.

"ತಾಯಿ, ಮುಂಚೆ ಲಗೇಜ್ ಗಾಡಿ ಓಡಿಸ್ತಿದ್ರಾ?"

ವ್ಯಾನಿನ ವಿಷಯ ನಾನು ಬಾಯಿ ಬಿಟ್ಟಿರಲಿಲ್ಲ. "ನಿಮಗೆ ಹೇಗೆ ಗೊತ್ತಾಯ್ತು?"

"ಗಂಟು ಮೂಟೆ ಹೊತ್ತ ಕೈ ಅದು. ಹಿಂದೆ ಜನ ಕೂತಿದಾರೆ ಅಂತ ನಿಮ್ಮ ಕಾಲಿಗೆ ಗೊತ್ತಿಲ್ಲ. ಬೇಡ, ಬೇರೆ ಗಾಡಿ ನೋಡ್ಕೊಳ್ಳಿ."

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಚೌಕಾಸಿ ಮಾಡಿ ಮಾಡಿ ಪಳಗಿದವರಿಗೆ ಮಾತ್ರ ಬರುವ ರೋಗ ಇದು: ಎದುರಿನವರು ಬೇಡ ಎಂದರೆ ರೇಟು ಸಾಲದು ಎಂದೇ ಕೇಳಿಸುವುದು. ಓಹೋ, ಎಂಬತ್ತೈದಕ್ಕೆ ಒಪ್ಪಿ ಈಗ ಪಶ್ಚಾತ್ತಾಪವಾಗಿದೆ, ಅದಕ್ಕೇ ಈ ನಾಟಕ ಎಂದುಕೊಂಡೆ. "ಸರಿ ಅಂಕಲ್, ಹತ್ತು ಸಾವಿರ ಸೇರಿಸ್ತೀನಿ" ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಿಬಿಟ್ಟರು. ಕಾಫಿ ತಂದ ಅವರ ಹೆಂಡತಿಯೇ ನನ್ನನ್ನು ಜಗಲಿಯ ಮೇಲೆ ಕೂರಿಸಿದರು.

"ಅವರಿಗೆ ದುಡ್ಡಿನ ವಿಷಯ ಅಲ್ಲಮ್ಮ. ಬಸ್ಸಿನ ಕಾಲದಿಂದ ಹಾಗೇ. ಬ್ರೇಕ್ ಹಾಕ್ದಾಗ ತೂಕಡಿಸೋರ ತಲೆ ಮುಂದಿನ ಕಂಬಿಗೆ ಹೊಡೀಬಾರ್ದು, ಹೊಡೆದ್ರೆ ನಾನು ಡ್ರೈವರ್ ಅಲ್ಲ ಅಂತಾರೆ. ಈ ಕಾರು ಯಾಕೆ ಮಾರ್ತಿದಾರೆ ಗೊತ್ತಾ?"

"ಯಾಕೆ ಆಂಟಿ?"

"ನಾನು ಯಾವಾಗ್ಲೂ ಹಿಂದೆ ಕೂರೋದು. ಗಾಡಿ ಸಿಟಿ ಬಿಡೋಕ್ ಮುಂಚೇನೇ ನನಗೆ ನಿದ್ದೆ. ಹೋದ ವರ್ಷದಿಂದ ನಿದ್ದೆ ಬರ್ತಿಲ್ಲ. ನಾನೇನೂ ಬಾಯಿ ಬಿಡ್ಲಿಲ್ಲಮ್ಮ. ಅವರೇ ಕನ್ನಡೀಲಿ ನೋಡಿದ್ರು. ಒಂದಿನ ಗಾಡಿ ನಿಲ್ಲಿಸಿ, ಇನ್ನು ಸಾಕು ಅಂದ್ಬಿಟ್ರು."

ಒಳಗಿನಿಂದ ಯಜಮಾನರ ದನಿ ಬಂತು: "ಕಣ್ಣಿಗೆ ಕಂಡಿದ್ದು ಕಾಲಿಗೆ ಮುಟ್ಟೋದು ತಡ ಆಗ್ತಿತ್ತು. ಅಷ್ಟೇ. ಅದನ್ನ ಊರಿಗೆಲ್ಲ ಸಾರ್ಬೇಡ."

ಅವರ ಲೈಸೆನ್ಸಿಗೆ ಇನ್ನೂ ಅವಧಿ ಇತ್ತು, ಮೂವತ್ತು ವರ್ಷದಲ್ಲಿ ಒಂದೂ ಅಪಘಾತವಿರಲಿಲ್ಲ, ಯಾರೂ ಬೇಡ ಎಂದಿರಲಿಲ್ಲ. ತನ್ನ ಕಸುಬಿನಲ್ಲಿ ತನ್ನನ್ನೇ ಕೂರಿಸಿ ಪರೀಕ್ಷೆ ಮಾಡಿ, ತಾನೇ ನಪಾಸು ಎಂದು ಬರೆದುಕೊಂಡ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಕಣ್ಣು ಮಂಜಾಗಿದ್ದರೂ ಸೂಜಿ ಬಿಡದ ಟೈಲರುಗಳನ್ನು ನೋಡಿದ್ದೇನೆ. ಅವರು ಹೊಲಿದ ಬ್ಲೌಸಿನ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ.

ನಾನು ಯಾರ ಹತ್ತಿರವೂ ಮನೆಯ ಕಷ್ಟ ಹೇಳಿ ರೇಟು ಇಳಿಸಿದವಳಲ್ಲ. ಅವತ್ತು ಹೇಳಿದೆ, ಆದರೆ ರೇಟಿಗಾಗಿ ಅಲ್ಲ. ಆಪರೇಷನ್ನು, ಟ್ಯಾಕ್ಸಿಯ ಕಥೆ, ಸಾತನೂರಿನ ಕಡೆಯ ಶಾಲೆ, ಹನ್ನೆರಡು ದಿನ ಮಾತ್ರ ಉಳಿದಿರುವುದು. ಯಜಮಾನರು ಹೊರಗೆ ಬಂದು ಕಂಬಕ್ಕೆ ಒರಗಿ ನಿಂತರು.

"ಹಾಗಾದ್ರೆ ನನ್ನ ಪರೀಕ್ಷೆ ಏನೂ ಅಲ್ಲ ತಾಯಿ. ಅವರ ಬೆನ್ನಿನ ಪರೀಕ್ಷೆ ಇನ್ನೂ ಕಷ್ಟ. ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ. ಕೊಳ್ಳೇಗಾಲದ ಲೈನಲ್ಲಿ ಹನ್ನೊಂದು ವರ್ಷ ಅದೇ ರೋಡಲ್ಲಿ ಓಡಾಡಿದೀನಿ."

ಹತ್ತು ದಿನ, ಅಂಗಡಿ ತೆಗೆಯುವ ಮುಂಚೆ, ಅವರ ಕಾರಿನಲ್ಲಿ ಅವರ ಪಾಠ. ಪೆಟ್ರೋಲು ಮಾತ್ರ ನನ್ನದು. ಕಲಿಸಿದ್ದಕ್ಕೆ ಏನು ಕೊಡಲಿ ಎಂದು ಕೇಳುವ ಧೈರ್ಯ ಆಗಲಿಲ್ಲ. ಒಮ್ಮೆ ದುಡ್ಡಿನ ಮಾತೆತ್ತಿ ಕೆಟ್ಟಿದ್ದೆನಲ್ಲ.

ಅವರು ಹಿಂದಿನ ಸೀಟಿನಿಂದ ಏಳಲೇ ಇಲ್ಲ, ಕಣ್ಣೂ ತೆರೆಯಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು: "ಮುಂದಿನ ಗಾಡಿ ನೋಡ್ತಿದೀರಿ. ಬೇಡ. ಅದರ ಮುಂದಿಂದು, ಅದರ ಮುಂದಿಂದು ನೋಡಿ. ಮೂರನೇದ್ರ ಬ್ರೇಕ್ ಲೈಟ್ ಹತ್ತಿದ್ರೆ ನಿಮ್ಮ ಕಾಲು ಎದ್ದಿರ್ಬೇಕು." ಹಂಪಿನ ಮೇಲೆ ಬ್ರೇಕು ಹಿಡಿದುಕೊಂಡೇ ಹತ್ತಿಸಿದರೆ ಬೈಗುಳ. ಹಂಪು ಬರುವ ಮೊದಲೇ ವೇಗ ಪೂರ್ತಿ ಇಳಿಸಿ, ಬ್ರೇಕು ಬಿಟ್ಟು, ಗಾಡಿ ತಾನಾಗಿ ಹತ್ತಿ ಇಳಿಯಬೇಕು. ನಾಲ್ಕು ದಿನ ಅವರು ಕಲಿಸಿದ್ದು ಬರೀ ನಿಲ್ಲಿಸುವುದನ್ನು. ಗಾಡಿ ಇನ್ನೇನು ನಿಂತಿತು ಎನ್ನುವಾಗ ಬ್ರೇಕಿನ ಮೇಲಿನ ಕಾಲನ್ನು ಕೂದಲೆಳೆಯಷ್ಟು ಸಡಿಲ ಮಾಡಬೇಕು. ಆಗ ಕೂತವರ ಕತ್ತು ಮುಂದೆ ಹೋಗಿ ಹಿಂದೆ ಬಡಿಯುವುದಿಲ್ಲ. ನಾನು ಇಷ್ಟು ವರ್ಷ ಗಟ್ಟಿಯಾಗಿ ಒತ್ತುವುದೇ ಬ್ರೇಕು ಎಂದುಕೊಂಡಿದ್ದೆ.

"ಮಷೀನ್ ಹೊಲಿಯೋವಾಗ ಬಟ್ಟೆ ಎಳೀತೀರಾ?" ಎಂದು ಒಂದು ದಿನ ಕೇಳಿದರು.

"ಇಲ್ಲ ಅಂಕಲ್, ಎಳೆದ್ರೆ ಹೊಲಿಗೆ ಸುಕ್ಕು ಬರುತ್ತೆ. ಅದಾಗೇ ಹೋಗಬೇಕು, ಕೈ ದಾರಿ ತೋರಿಸ್ಬೇಕು ಅಷ್ಟೇ."

"ಮತ್ತೆ ಗೊತ್ತಿದ್ದೂ ಗಾಡಿನ ಯಾಕೆ ಎಳೆದಾಡ್ತೀರಿ?"

ಆ ಮಾತಿನ ನಂತರ ನನ್ನ ಕಾಲು ನಿಜವಾಗಿ ಬದಲಾಯಿತು. ಪ್ಯಾಂಟಿನ ಹುಕ್ಕೂ ಹೊಲಿದು ಗೊತ್ತಿಲ್ಲದ ಆ ಮನುಷ್ಯ ನನ್ನ ಕಸುಬಿನೊಳಗಿಂದಲೇ ದಾರಿ ಹುಡುಕಿ ಕೊಟ್ಟಿದ್ದರು.

ಏಳನೇ ದಿನ ಪಾಠ ಮುಗಿಸಿ ಬಂದಾಗ ಮನೆಯ ಮುಂದೆ ಒಬ್ಬ ಬ್ರೋಕರು ಕಾಯುತ್ತಿದ್ದ. "ಸಾರ್, ನಾಲ್ಕು ಹತ್ತು, ರೆಡಿ ಕ್ಯಾಶ್. ನಿಮ್ಮ ಪರೀಕ್ಷೆ ಗಿರೀಕ್ಷೆ ಎಲ್ಲ ಬೇಡ." ನಾನಿನ್ನೂ ಪಾಸಾಗಿರಲಿಲ್ಲ, ಅಡ್ವಾನ್ಸನ್ನೂ ಅವರು ತೆಗೆದುಕೊಂಡಿರಲಿಲ್ಲ. ಯಜಮಾನರು ಅವನ ಮುಖ ನೋಡದೆ, "ಈ ಗಾಡಿ ಮೇಷ್ಟ್ರಿಗೆ ಹೋಗುತ್ತೆ. ಇವರು ಕಲೀತಿದಾರೆ" ಎಂದರು.

"ಕಲಿಯದೇ ಹೋದ್ರೆ?"

"ಕಲೀತಾರೆ."

ಅವನು ಹೋದ ಮೇಲೆ ನಾನು ನಾಲ್ಕು ಹತ್ತು ನಾನೇ ಕೊಡುತ್ತೇನೆ ಎಂದೆ. ಅವರು ಎಂಬತ್ತೈದು ಎಂದರು. ನಾನು ನಾಲ್ಕಕ್ಕೆ ಇಳಿದೆ. ಅವರು ಎಂಬತ್ತೈದರಿಂದ ಅಲ್ಲಾಡಲಿಲ್ಲ. ಅವರ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು: "ಏನ್ರೀ ಇದು, ಕೊಳ್ಳೋರು ಏರಿಸ್ತಾರೆ, ಮಾರೋರು ಇಳಿಸ್ತಾರೆ, ಉಲ್ಟಾ ಸಂತೆ!" ಕೊನೆಗೆ ಯಜಮಾನರೇ ತೀರ್ಮಾನ ಕೊಟ್ಟರು. "ಅಷ್ಟು ದುಡ್ಡು ಜಾಸ್ತಿ ಇದ್ರೆ ಮೊದ್ಲು ನಾಲ್ಕೂ ಟೈರ್ ಹಾಕ್ಸಿ. ಮೇಷ್ಟ್ರ ಬೆನ್ನಿಗೂ ನೆಲಕ್ಕೂ ಮಧ್ಯೆ ಇರೋದು ಅದೊಂದೇ." ಸಂಜೆಯೇ ಹಾಕಿಸಿದೆ. ನನ್ನ ಹೆಸರಿಗೆ ಇನ್ನೂ ಆಗದ ಕಾರಿಗೆ ನನ್ನ ದುಡ್ಡಿನಲ್ಲಿ ಟೈರು! ನನ್ನ ಅಂಗಡಿಯ ಹೆಂಗಸರು ಕೇಳಿದರೆ ನನಗೆ ಜ್ವರ ಬಂದಿದೆ ಎನ್ನುತ್ತಿದ್ದರು.

ಶಾಲೆ ತೆರೆಯುವ ಹಿಂದಿನ ಭಾನುವಾರ ಕೊನೆಯ ಪರೀಕ್ಷೆ. ನಮ್ಮ ಮನೆಯವರು ಹಿಂದೆ ಎಡಗಡೆ, ಸೊಂಟಕ್ಕೆ ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಂಡು. ಅವರ ಪಕ್ಕ ಆಂಟಿ. ಮೊದಲ ಸಲ ಯಜಮಾನರು ನನ್ನ ಪಕ್ಕ ಮುಂದೆ ಕೂತರು, ಕಣ್ಣು ತೆರೆದುಕೊಂಡು. ಕನಕಪುರದವರೆಗೆ ಹೋಗುವುದು ಎಂದಾಗಿತ್ತು.

ಹೊರಟಾಗ ಮನೆಯವರು ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರು. ಟ್ಯಾಕ್ಸಿಯ ಭಯ. ಕನ್ನಡಿಯಲ್ಲಿ ಆ ಕೈ ಕಾಣುತ್ತಿತ್ತು, ಬಿಳಿಚಿದ ಬೆರಳುಗಳು. ಮೂರನೆಯ ಗಾಡಿ ನೋಡುತ್ತ, ಹಂಪಿಗೆ ಮುಂಚೆ ಇಳಿಸುತ್ತ, ಸಿಗ್ನಲ್ಲಿನಲ್ಲಿ ಕೂದಲೆಳೆಯಷ್ಟು ಸಡಿಲಿಸುತ್ತ ಹೋದೆ. ಕಗ್ಗಲೀಪುರ ದಾಟಿತು. ಹಾರೋಹಳ್ಳಿಗೆ ಸ್ವಲ್ಪ ಮುಂಚೆ ಎಳನೀರು ತುಂಬಿದ ಟೆಂಪೋ ಒಂದು ಕೈಯನ್ನೂ ತೋರಿಸದೆ ಎಡಗಡೆಯ ಮಣ್ಣುದಾರಿಯಿಂದ ರಸ್ತೆಗೆ ನುಗ್ಗಿತು. ಮುಂಚಿನ ನಾನಾಗಿದ್ದರೆ ಹಾರ್ನು ಒತ್ತಿ, ಬ್ರೇಕು ತುಳಿದು, ನಾಲ್ಕು ಬೈದು ಹೋಗುತ್ತಿದ್ದೆ. ಆದರೆ ಅದರ ಎಳನೀರಿನ ರಾಶಿ ಬೇಲಿಯಾಚೆ ಅಲುಗಿದ್ದು ನನಗೆ ಅಷ್ಟು ದೂರದಿಂದಲೇ ಕಂಡಿತ್ತು. ಕಾಲು ಆಗಲೇ ಎದ್ದಿತ್ತು. ಕಾರು ನಿಧಾನವಾಗಿ ಹಿಂದೆ ಸರಿದುಕೊಂಡಂತೆ ದಾರಿ ಬಿಟ್ಟಿತು, ಅಷ್ಟೇ. ಯಜಮಾನರು ಗಂಟಲಲ್ಲಿ "ಹೂಂ" ಎಂದರು. ಹತ್ತು ದಿನದಲ್ಲಿ ನನಗೆ ಸಿಕ್ಕ ಒಂದೇ ಶಹಭಾಸ್.

ಕನ್ನಡಿ ನೋಡಿದೆ. ಮನೆಯವರ ಕೈ ಹಿಡಿಯ ಮೇಲಿರಲಿಲ್ಲ. ತೊಡೆಯ ಮೇಲೆ ಬಿದ್ದಿತ್ತು. ಕಿಟಕಿಯಾಚೆ ಮಾವಿನ ತೋಪು ನೋಡುತ್ತಿದ್ದರು. ಅವರ ಪಕ್ಕ ಆಂಟಿ ತಲೆ ಒರಗಿಸಿ, ಬಾಯಿ ಅರ್ಧ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದರು. ಯಜಮಾನರೂ ತಿರುಗಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಮುಂದೆ ತಿರುಗಿ, ರಸ್ತೆಯ ಕಡೆ ಮುಖ ಮಾಡಿ ಕೂತುಬಿಟ್ಟರು. ಕನಕಪುರದಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿದಾಗ ಬಾಗಿಲನ್ನು ಸದ್ದಾಗದಂತೆ ತೆಗೆದು ಇಳಿದರು.

"ಟೀ ಕುಡಿಯೋಣ. ಅವಳನ್ನ ಎಬ್ಬಿಸ್ಬೇಡಿ, ಮಲಗ್ಲಿ."

ಆ ಮಧ್ಯಾಹ್ನವೇ ಅವರು ಕಾಗದಗಳಿಗೆ ಸಹಿ ಹಾಕಿ ಕೊಟ್ಟರು. ಮಾರನೇ ದಿನ ಬೆಳಿಗ್ಗೆ ನಾನು ನಮ್ಮ ಮನೆಯವರನ್ನು ಶಾಲೆಯ ಗೇಟಿನ ಒಳಗೆ ಇಳಿಸಿದೆ. ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು, ಅಂಗಿ ಸರಿಮಾಡಿಕೊಂಡರು, ಹಾಜರಿ ಪುಸ್ತಕಕ್ಕೆ ರುಜು ಹಾಕಲು ನಡೆದುಹೋದರು. ಎರಡು ವರ್ಷವಾಯಿತು. ಒಂದು ಸೋಮವಾರವೂ ತಪ್ಪಿಲ್ಲ.

ಈಗ ನಿಮಗೆ ಹೇಳಬೇಕಾದದ್ದು. ಹಳೆ ಕಾರು ನೋಡಲು ಬೆಳಿಗ್ಗೆಯೇ ಹೋಗಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಾಗಿ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆಂದು ಅರ್ಥ. ಮೀಟರು ನಂಬಬೇಡಿ, ಪೆಡಲಿನ ರಬ್ಬರು ನಂಬಿ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರಬೇಕು. ಹೆಸರು ಬದಲಾವಣೆಯ ಕಾಗದ ಕೊಟ್ಟ ರಸೀದಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ, ಮಾರುವವರು ದೇವರಂಥವರಾದರೂ. ದೋಷವನ್ನು ತಾನಾಗಿ ಹೇಳುವ ಮಾಲೀಕ ಸಿಕ್ಕರೆ ಐದು ಸಾವಿರಕ್ಕೆ ಎಳೆದಾಡಿ ಅವರನ್ನು ಕಳೆದುಕೊಳ್ಳಬೇಡಿ. ಅಂಥವರ ಫೋನ್ ನಂಬರು ಕಾರಿಗಿಂತ ಹೆಚ್ಚು ದಿನ ಉಪಯೋಗಕ್ಕೆ ಬರುತ್ತದೆ. ಟೈರಿಗೆ ಮಾತ್ರ ಜಿಪುಣತನ ಬೇಡ.

ಇನ್ನೊಂದು. ಎಲ್ಲರೂ ಸ್ಟೀರಿಂಗ್ ಹಿಡಿದು ಕಾರಿನ ಪರೀಕ್ಷೆ ಮಾಡುತ್ತಾರೆ. ನೀವು ಓಡಿಸುವ ಮುಂಚೆ ಮಾರುವವರಿಗೆ ಓಡಿಸಲು ಹೇಳಿ, ಹಿಂದಿನ ಸೀಟಿನಲ್ಲಿ ಹದಿನೈದು ಕಿಲೋಮೀಟರು ಕೂತು ಬನ್ನಿ. ಮೊಣಕಾಲಿಗೆ ಜಾಗ ಇದೆಯೇ, ಹಂಪಿನಲ್ಲಿ ಸೊಂಟಕ್ಕೆ ಏನು ತಿಳಿಯುತ್ತದೆ, ನೋಡಿ. ಆಮೇಲೆ ನಿಮ್ಮ ಮನೆಯಲ್ಲಿ ಯಾರ ಮೈ ಸೂಕ್ಷ್ಮವೋ ಅವರನ್ನು ಅಲ್ಲಿ ಕೂರಿಸಿ ನೀವು ಓಡಿಸಿ. ಹೇಗಿತ್ತು ಎಂದು ಕೇಳಬೇಡಿ, ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ಕನ್ನಡಿಯಲ್ಲಿ ಅವರ ಕೈ ಎಲ್ಲಿದೆ ನೋಡಿ. ಅದು ಹಿಡಿಯನ್ನು ಬಿಟ್ಟ ಮೇಲೆ ರೇಟಿನ ಮಾತಿಗೆ ಕೂತುಕೊಳ್ಳಿ.